ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (ನವೆಂಬರ್ 18, 1888 – ಫೆಬ್ರವರಿ 28, 1989) ಕರ್ನಾಟಕ ಮೂಲದ ಯೋಗಾಚಾರ್ಯರು, ಸಂಸ್ಕೃತ ವಿದ್ವಾಂಸರು ಹಾಗೂ ಆಯುರ್ವೇದವನ್ನು ಬಲ್ಲ ಚಿಕಿತ್ಸಕರು. ಬಿ. ಕೆ. ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾದೇವಿ ಮತ್ತು ಟಿ. ಕೆ. ವಿ. ದೇಶಿಕಾಚಾರ್ ಇವರ ಶಿಷ್ಯರು. ಯೋಗವು ಗಂಡಸರಿಗೆ ಮಾತ್ರ ಸಲ್ಲುವ ಸಾಧನೆಯೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಸ್ತ್ರೀಯರಿಗೂ, ಅದರಲ್ಲೂ ಗರ್ಭಿಣಿಯರಿಗೂ ಯೋಗಾಧಿಕಾರವುಂಟೆಂದು ಶಾಸ್ತ್ರದ ಆಧಾರದಿಂದ ಪ್ರತಿಪಾದಿಸಿದವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದೆ ಗ್ರಾಮದ ಶ್ರೀವೈಷ್ಣವ ಮನೆತನದಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ಮನೆತನವು ಒಂಬತ್ತನೆಯ ಶತಮಾನದ ಯೋಗಿ ನಾಥಮುನಿಗಳ ಪರಂಪರೆಗೆ ಸೇರಿದ್ದೆಂದು ಹೇಳಿಕೊಳ್ಳುತ್ತಿತ್ತು. ತಂದೆ ಬೇಗನೆ ತೀರಿಕೊಂಡ ಮೇಲೆ ಕುಟುಂಬವು ಮೈಸೂರಿಗೆ ಬಂದು, ಬಾಲಕನ ವಿದ್ಯಾಭ್ಯಾಸವು ಪರಕಾಲ ಮಠದ ಆಶ್ರಯದಲ್ಲಿ ಮುಂದುವರಿಯಿತು. ನಂತರ ಕಾಶಿಯಲ್ಲಿ ವ್ಯಾಕರಣ, ದರ್ಶನಗಳನ್ನು ಓದಿ, ಆಯುರ್ವೇದವನ್ನೂ ಅಭ್ಯಾಸ ಮಾಡಿದರು. ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳು ವರ್ಷಕ್ಕೂ ಹೆಚ್ಚು ಕಾಲ ಯೋಗವನ್ನು ಕಲಿತರೆಂಬ ವೃತ್ತಾಂತವು ಅವರ ಮತ್ತು ಅವರ ಮನೆಯವರ ಮಾತಿನಿಂದ ಬಂದದ್ದು. ಈ ಕಾಲಗಣನೆಯು ಅವರ ಇತರ ವಿದ್ಯಾಭ್ಯಾಸದ ವರ್ಷಗಳೊಂದಿಗೆ ಹೊಂದುವುದಿಲ್ಲವೆಂದು ಇತಿಹಾಸಕಾರರು ಸಂದೇಹಿಸಿದ್ದಾರೆ.

1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದರು. ಇವರು ಮುಂದೆ ಜಗತ್ಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರರ ಅಕ್ಕ. ಯೋಗದಿಂದ ಜೀವನ ಸಾಗದೆ ಕೃಷ್ಣಮಾಚಾರ್ಯರು ಕೆಲಕಾಲ ಹಾಸನದ ಕಡೆ ಕಾಫಿ ತೋಟದಲ್ಲಿ ಉದ್ಯೋಗ ಮಾಡಬೇಕಾಯಿತು.

ಮೈಸೂರಿನ ಯೋಗಶಾಲೆ

ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಇಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಶಿಸ್ತು ಕಠಿಣ, ಆಸನಗಳ ಗತಿ ತೀವ್ರ. ಆಚಾರ್ಯರು ಕನ್ನಡದಲ್ಲಿಯೇ ಬರೆದ ಯೋಗಮಕರಂದ (1934) ಮತ್ತು ಯೋಗಾಸನಗಳು (1941) ಈ ಅವಧಿಯವು. ಆಧುನಿಕ ಯೋಗದ ಮೂಲಗ್ರಂಥಗಳಲ್ಲಿ ಒಂದೆಂದು ವಿದೇಶಗಳಲ್ಲಿ ಓದಲಾಗುತ್ತಿರುವ ಯೋಗಮಕರಂದವು ಮೊದಲು ಕನ್ನಡದಲ್ಲಿ ಬಂದಿತೆಂಬುದನ್ನು ಕನ್ನಡಿಗರೇ ಮರೆತಂತಿದೆ. ಕೆಲವು ಆಸನಗಳ ಫಲವನ್ನು ಹೇಳುವಲ್ಲಿ ಆಚಾರ್ಯರು ಗರ್ಭಿಣಿಯರನ್ನು ನೆನೆದು ಪ್ರತ್ಯೇಕ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಓದುವವರಲ್ಲಿ ಹೆಂಗಸರೂ ಇರುವರೆಂದು ಗ್ರಂಥಕರ್ತರು ಎಣಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

1938ರಲ್ಲಿ ಮೈಸೂರಿನಲ್ಲಿ ತೆಗೆದ ಮೂಕಿ ಚಿತ್ರದಲ್ಲಿ ಆಚಾರ್ಯರು ಮತ್ತು ಅಯ್ಯಂಗಾರರಲ್ಲದೆ ನಾಮಗಿರಿಯಮ್ಮ ಹಾಗೂ ಹೆಣ್ಣುಮಕ್ಕಳೂ ಆಸನಗಳನ್ನು ಮಾಡಿ ತೋರಿಸುತ್ತಾರೆ. ಸೀರೆಯುಟ್ಟ ಗೃಹಿಣಿಯೊಬ್ಬರು ಕ್ಯಾಮೆರಾದ ಮುಂದೆ ಆಸನ ಹಾಕುವುದು ಆಗಿನ ಸಂಪ್ರದಾಯಸ್ಥ ಮನೆತನದಲ್ಲಿ ಸಣ್ಣ ಸಂಗತಿಯಲ್ಲ.

ಉತ್ತರ ಕರ್ನಾಟಕದ ಪ್ರವಾಸ

1936ರಲ್ಲಿ ಮಹಾರಾಜರ ಅಪೇಕ್ಷೆಯಂತೆ ಆಚಾರ್ಯರು ಶಿಷ್ಯರೊಂದಿಗೆ ಯೋಗಪ್ರಚಾರಕ್ಕಾಗಿ ಉತ್ತರ ಕರ್ನಾಟಕದಲ್ಲಿ ಸಂಚರಿಸಿದರು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಉಪನ್ಯಾಸ ಹಾಗೂ ಪ್ರಾತ್ಯಕ್ಷಿಕೆಗಳು ನಡೆದವು. ಈ ಭಾಗವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ತಾಲೂಕುಗಳು ಬೆಳಗಾವಿ ಜಿಲ್ಲೆಯಲ್ಲಿದ್ದವು. ಇಂದಿನ ನಿಪ್ಪಾಣಿ ಮತ್ತು ಕಾಗವಾಡ ತಾಲೂಕುಗಳು ಬಹಳ ಕಾಲದ ಮೇಲೆ ಕ್ರಮವಾಗಿ ಇವುಗಳಿಂದಲೇ ಬೇರ್ಪಟ್ಟವು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಆಡಳಿತದಲ್ಲಿತ್ತು.

ಧಾರವಾಡದಲ್ಲಿ ಕೆಲವು ಮಹಿಳೆಯರು ತಮಗೂ ಯೋಗವನ್ನು ಕಲಿಸಬೇಕೆಂದು ಕೇಳಿಕೊಂಡರು. ಪರಪುರುಷರಿಂದ ಆಸನ ಕಲಿಯಲು ಅವರಿಗೆ ಸಂಕೋಚ. ಕಲಿಸಬಲ್ಲ ಸ್ತ್ರೀಯರು ತಂಡದಲ್ಲಿ ಇರಲಿಲ್ಲ. ಆಚಾರ್ಯರು ತಂಡದಲ್ಲಿ ಎಲ್ಲರಿಗಿಂತ ಕಿರಿಯನಾದ ಅಯ್ಯಂಗಾರರನ್ನು ಈ ಕೆಲಸಕ್ಕೆ ನೇಮಿಸಿದರು. ಅವರಿಗೆ ಆಗ 17 ವರ್ಷ. ಮುಂದೆ ಲೋಕಕ್ಕೆಲ್ಲ ಯೋಗವನ್ನು ಕಲಿಸಿದವರ ಅಧ್ಯಾಪನವು ಹೀಗೆ ಧಾರವಾಡದ ಹೆಂಗಸರ ತರಗತಿಯಿಂದ ಮೊದಲಾಯಿತು. ಬೆಳಗಾವಿಯ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಈ ಪ್ರವಾಸದಲ್ಲಿಯೇ ಪ್ರಾತ್ಯಕ್ಷಿಕೆಯನ್ನು ಕಂಡು ಮೆಚ್ಚಿದರು. ನಿವೃತ್ತಿಯ ಅನಂತರ ಪುಣೆಯಲ್ಲಿ ನೆಲೆಸಿದ ಅವರ ಪ್ರಯತ್ನದಿಂದ 1937ರಲ್ಲಿ ಡೆಕ್ಕನ್ ಜಿಮ್‌ಖಾನಾದವರು ಶಿಕ್ಷಕರೊಬ್ಬರನ್ನು ಬೇಡಿದಾಗ ಆಚಾರ್ಯರು ಅಯ್ಯಂಗಾರರನ್ನೇ ಕಳುಹಿಸಿಕೊಟ್ಟರು.

ಸ್ತ್ರೀಯರು ಮತ್ತು ಯೋಗ

ಈ ವಿಷಯದಲ್ಲಿ ಆಚಾರ್ಯರ ನಡೆ ಆರಂಭದಿಂದಲೂ ಒಂದೇ ಆಗಿರಲಿಲ್ಲ. 1937ರಲ್ಲಿ ರಿಗಾ ಮೂಲದ ಇಂದ್ರಾದೇವಿ ಶಿಷ್ಯವೃತ್ತಿಯನ್ನು ಬೇಡಿದಾಗ, ವಿದೇಶಿಯರು ಮತ್ತು ಸ್ತ್ರೀ ಎಂಬ ಕಾರಣದಿಂದ ನಿರಾಕರಿಸಿದರು. ಮಹಾರಾಜರು ನಡುವೆ ಬಂದ ಮೇಲೆ, ಆಹಾರ ಮತ್ತು ದಿನಚರಿಯ ಕಟ್ಟುನಿಟ್ಟುಗಳನ್ನು ವಿಧಿಸಿ ಸೇರಿಸಿಕೊಂಡರು. ಆಕೆ ಅವೆಲ್ಲವನ್ನೂ ಪಾಲಿಸಿದರು. ಕೊನೆಗೆ, ನೀನೂ ಕಲಿಸಬೇಕೆಂದು ಅಪ್ಪಣೆ ಮಾಡಿದವರು ಅದೇ ಆಚಾರ್ಯರು. ಇಂದ್ರಾದೇವಿ ಶಾಂಘೈನಲ್ಲಿಯೂ 1947ರ ನಂತರ ಹಾಲಿವುಡ್‌ನಲ್ಲಿಯೂ ಯೋಗವನ್ನು ಕಲಿಸಿದರು.

ಆಚಾರ್ಯರು ನಾಥಮುನಿಗಳದೆಂದು ಪಾಠ ಹೇಳಿದ ಯೋಗರಹಸ್ಯವು ಸ್ತ್ರೀಯರ ಯೋಗಾಧಿಕಾರವನ್ನು ಒತ್ತಿ ಹೇಳಿ, ಗರ್ಭಿಣಿಯರ ಅಭ್ಯಾಸವನ್ನೂ ಎತ್ತಿಕೊಳ್ಳುತ್ತದೆ. 16ನೆಯ ವಯಸ್ಸಿನಲ್ಲಿ ಆಳ್ವಾರ್ ತಿರುನಗರಿಯಲ್ಲಿ ತಮಗೆ ಈ ಗ್ರಂಥವು ದರ್ಶನದಲ್ಲಿ ಲಭಿಸಿತೆಂದು ಆಚಾರ್ಯರು ಹೇಳುತ್ತಿದ್ದರು. ಇದು ಅವರದೇ ರಚನೆಯಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಹಾಗಿದ್ದರೆ ಸ್ತ್ರೀಯರ ಪರವಾದ ಮಾತುಗಳು ಆಚಾರ್ಯರವೇ ಆಗುತ್ತವೆ. ಇದರಿಂದ ಅವುಗಳ ಬೆಲೆ ಕುಗ್ಗುವುದಿಲ್ಲ.

ಅವರು ಬಹುವಾಗಿ ಆದರಿಸಿದ ಮತ್ತೊಂದು ಗ್ರಂಥ ಯೋಗಯಾಜ್ಞವಲ್ಕ್ಯ. ಇದರಲ್ಲಿ ಯಾಜ್ಞವಲ್ಕ್ಯರು ಯೋಗವನ್ನು ಉಪದೇಶಿಸುವುದು ಗಾರ್ಗಿಗೆ. ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ 18 ಮರ್ಮಸ್ಥಾನಗಳನ್ನು ಹೇಳಿ, ಪ್ರಾಣವನ್ನೂ ಮನಸ್ಸನ್ನೂ ಒಂದೊಂದರಲ್ಲಿ ನಿಲ್ಲಿಸುವ ಪ್ರತ್ಯಾಹಾರಕ್ರಮವನ್ನು ಈ ಗ್ರಂಥವು ವಿವರಿಸುತ್ತದೆ. ಆಯುರ್ವೇದದ ಸುಶ್ರುತಸಂಹಿತೆ ಎಣಿಸುವ ಮರ್ಮಗಳು 107. ನಾಭಿ, ಬಸ್ತಿ, ಹೃದಯ ಮೊದಲಾದವು ಪೆಟ್ಟಾದರೆ ತಕ್ಷಣ ಪ್ರಾಣ ತೆಗೆಯುವ ಮರ್ಮಗಳೆಂದು ಅದು ಶಸ್ತ್ರವೈದ್ಯನನ್ನು ಎಚ್ಚರಿಸುತ್ತದೆ. ಯೋಗಯಾಜ್ಞವಲ್ಕ್ಯದ ಮರ್ಮಕ್ರಮವಾದರೋ ಬೆರಳಿನಿಂದ ಒತ್ತುವುದಲ್ಲ, ಗಮನವನ್ನು ಇಡುವುದು. ಮರ್ಮಚಿಕಿತ್ಸೆಯ ಹೆಸರಿನಲ್ಲಿ ಇಂದು ನಡೆಯುವುದನ್ನೆಲ್ಲ ಈ ಗ್ರಂಥದ ತಲೆಗೆ ಕಟ್ಟುವುದು ಸರಿಯಾಗಲಾರದು.

ಮದರಾಸಿನ ದಿನಗಳು

ಸ್ವಾತಂತ್ರ್ಯಾನಂತರ ಅರಮನೆಯ ಆಶ್ರಯ ತಪ್ಪಿ 1950ರ ಸುಮಾರಿಗೆ ಯೋಗಶಾಲೆ ಮುಚ್ಚಿತು. ಅರುವತ್ತು ದಾಟಿದ ಆಚಾರ್ಯರು ಮದರಾಸಿಗೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಅವರ ಪಾಠದ ರೀತಿಯೇ ಬದಲಾಯಿತು. ಗುಂಪಿಗೆ ಕಲಿಸುವುದಕ್ಕಿಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಾಡಿ ನೋಡಿ, ವಯಸ್ಸು, ಉದ್ಯೋಗ, ದೇಹಬಲಗಳನ್ನು ವಿಚಾರಿಸಿ, ಆಸನ, ಪ್ರಾಣಾಯಾಮ, ಪಥ್ಯ, ಔಷಧಿಗಳನ್ನು ಒಟ್ಟಿಗೆ ಗೊತ್ತುಮಾಡುತ್ತಿದ್ದರು. ಮೈಸೂರಿನ ಹುಡುಗರಿಗೆ ಹೇಳಿದ್ದನ್ನು ಬಾಣಂತಿಗೋ ವೃದ್ಧರಿಗೋ ಹೇಳುವಂತಿರಲಿಲ್ಲ. ಸ್ತ್ರೀಯರಿಗೆ ವೇದಮಂತ್ರಗಳ ಪಠನವನ್ನೂ ಕಲಿಸಿದರು. ಅವರ ಸಮುದಾಯದಲ್ಲಿ ಇದು ಅಪರೂಪ.

ಮಗ ದೇಶಿಕಾಚಾರ್ 1976ರಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದರು. 1988ರಲ್ಲಿ ಆಚಾರ್ಯರಿಗೆ ನೂರು ತುಂಬಿತು. ಮರುವರ್ಷ ಫೆಬ್ರವರಿ 28ರಂದು ಮದರಾಸಿನಲ್ಲಿ ನಿಧನರಾದರು.