ಒಂದು ಹಿಡಿ ಜೋಳ, ಒಂದು ಹಾಡು



ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತು ಕೂಗುತ್ತಿದ್ದ ಅಂಧ ಬಾರ್ತಿಮಾಯನನ್ನು ಜನರು ಗದರಿಸಿ ಸುಮ್ಮನಿರಿಸಲು ನೋಡಿದರು. ಪ್ರಭು ಯೇಸು ಮಾತ್ರ ಅಲ್ಲಿ ನಿಂತರು. ಅವನನ್ನು ಹತ್ತಿರ ಕರೆಸಿದರು. ಮಾರ್ಕನ ಶುಭಸಂದೇಶದ ಈ ಘಟನೆಯನ್ನು ಓದುವಾಗಲೆಲ್ಲ ನನಗೆ ಗದಗಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ನೆನಪಾಗುತ್ತಾರೆ. ಅವರು ನಮ್ಮ ಧರ್ಮದವರಲ್ಲ. ಆದರೂ ಅವರ ಬಾಳಿನಲ್ಲಿ ನಮ್ಮ ಕುಟುಂಬಗಳಿಗೆ ದೊಡ್ಡ ಪಾಠವಿದೆ.

1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಬಡ ಮನೆತನವೊಂದರಲ್ಲಿ ಅವರು ಹುಟ್ಟಿದರು. ತಂದೆ ತಾಯಿ ಇಟ್ಟ ಹೆಸರು ಗದಿಗೆಯ್ಯ. ಅವರಿಗೂ ಸಹೋದರ ಗುರುಬಸವಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಆ ಕಾಲದಲ್ಲಿ ಅಂಧ ಮಕ್ಕಳೆಂದರೆ ಮನೆಯವರಿಗೆ ಚಿಂತೆ, ಊರವರಿಗೆ ಕನಿಕರ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಎಣಿಸುತ್ತಿರಲಿಲ್ಲ. ಆದರೆ ಈ ಮಕ್ಕಳು ಹಾಡುತ್ತಿದ್ದರು. ಅವರ ಹಾಡಿಗೆ ನಿಂತು ಕಿವಿಗೊಟ್ಟವರು ಹಾನಗಲ್ಲಿನ ಕುಮಾರಸ್ವಾಮಿಗಳು. ಅವರು ಕನಿಕರಪಟ್ಟು ಕಾಸು ಕೊಟ್ಟು ಕಳಿಸಲಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದು ವಿದ್ಯೆ ಕೊಡಿಸಿದರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿಗಳಾದರು.

ಇಷ್ಟು ವಿದ್ಯೆ ಕೈಗೆ ಬಂದ ಮೇಲೆ ಅವರು ಸಿರಿವಂತರ ಆಶ್ರಯದಲ್ಲಿ ಸುಖವಾಗಿರಬಹುದಿತ್ತು. ಅವರು ಆರಿಸಿಕೊಂಡದ್ದು ಬ್ರಹ್ಮಚರ್ಯ ಮತ್ತು ಬಡತನ. ಅಂಧರು, ಅನಾಥರು, ಬಡವರ ಮಕ್ಕಳು, ಹೀಗೆ ಬಂದವರನ್ನೆಲ್ಲ ಸೇರಿಸಿಕೊಂಡು ಊರೂರು ಸಂಚರಿಸುವ ಸಂಗೀತ ಶಾಲೆ ನಡೆಸಿದರು. ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಮಕ್ಕಳ ಊಟಕ್ಕೆ ಜನರ ಮುಂದೆ ಜೋಳಿಗೆ ಒಡ್ಡಿದರು. ಕೊನೆಗೆ ಗದಗಿನಲ್ಲಿ ದಾನಿಗಳ ನೆರವಿನಿಂದ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಅವರ ಆಸ್ತಿಯೆಂದರೆ ಅವರ ಶಿಷ್ಯರೇ.

ಆ ಶಿಷ್ಯರಲ್ಲಿ ಒಬ್ಬರು ಬಸವರಾಜ ರಾಜಗುರು. ದೇಶವೇ ಮೆಚ್ಚಿದ ಗಾಯಕರು. ಇನ್ನೊಬ್ಬರು ಎಳೆತನದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು. ಗುರುಗಳ ನಂತರ ಆಶ್ರಮದ ಹೊಣೆ ಹೊತ್ತ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಇಳಿಸಲಿಲ್ಲ. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು. ತಾವೇ ನಾಟಕ ಬರೆದರು. ಜಾತ್ರೆಗಳಲ್ಲಿ ಟಿಕೆಟ್ ಕೊಂಡು ನಾಟಕ ನೋಡಿದ ರೈತರು, ಕೂಲಿಗಳು ತಮಗೆ ತಿಳಿಯದೆಯೇ ಒಬ್ಬ ಅಂಧ ಬಾಲಕನಿಗೆ ಊಟ ಹಾಕಿದರು, ವಿದ್ಯೆ ಕೊಟ್ಟರು. ಕಲೆಯನ್ನು ಉಳಿಸುವವರು ರಾಜರು, ಶ್ರೀಮಂತರು ಮಾತ್ರವೆಂದು ನಾವು ತಿಳಿದಿದ್ದೇವೆ. ಗದಗಿನ ಆಶ್ರಮವನ್ನು ಕಟ್ಟಿದ್ದು ಹಿಡಿ ಜೋಳ ನೀಡಿದ ತಾಯಂದಿರೂ ಹೌದು. ಬಡ ವಿಧವೆ ಹಾಕಿದ ಎರಡು ಕಾಸನ್ನು ಪ್ರಭು ಹೊಗಳಿದ್ದು ನೆನಪಿರಲಿ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಮನೆಗಳಿಗೆ ಈಗ ಬರೋಣ. ನಮ್ಮದು ಹಾಡಿಗೆ ಬಡವಾದ ಸೀಮೆಯಲ್ಲ. ರಾಯಚೂರಿನ ರಂಗಮಂದಿರ ನಮ್ಮ ಜಿಲ್ಲೆಯವರೇ ಆದ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ಹೊತ್ತಿದೆ. ಮುದಗಲ್ಲಿನ ಮೊಹರಂ ಹಬ್ಬದ ಕುಣಿತ ನೋಡಲು ಎಲ್ಲ ಮತದವರೂ ಕೂಡುತ್ತಾರೆ. ಬಯಲಾಟ, ಡೊಳ್ಳು, ತತ್ವಪದ, ಮದುವೆ ಮನೆಯ ಸೋಬಾನೆ ಪದ, ಇವೆಲ್ಲ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇವೆ. ಆದರೆ ಊರ ಹಬ್ಬ ಬಂದರೆ ಬಾಡಿಗೆಯ ಧ್ವನಿವರ್ಧಕಕ್ಕೆ ಸಾವಿರಾರು ರೂಪಾಯಿ ಕೊಡುವ ನಾವು, ಪಕ್ಕದ ಓಣಿಯ ಡೊಳ್ಳಿನವನ ಕೂಲಿಗೆ ಚೌಕಾಸಿ ಮಾಡುತ್ತೇವೆ. ಹಾಡುವ ಮಗುವಿಗೆ ಇದರಿಂದ ಹೊಟ್ಟೆ ತುಂಬುವುದೇ ಎಂದು ಕೇಳಿ ಬಾಯಿ ಮುಚ್ಚಿಸುತ್ತೇವೆ. ಬಾರ್ತಿಮಾಯನನ್ನು ಗದರಿಸಿದ ಗುಂಪಿನಲ್ಲಿ ನಾವೂ ಇದ್ದೇವೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಆಯಾ ಜನರ ಸಂಗೀತಕ್ಕೆ ದೈವಾರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ತಿಳಿಸಿತು. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕಲಾವಿದರಿಗೆಂದೇ ಒಂದು ಪತ್ರ ಬರೆದರು. ಕಲೆ ದೇವರು ಕೊಟ್ಟ ತಲೆಂತು. ಅದನ್ನು ಮಣ್ಣಿನಲ್ಲಿ ಹೂತಿಡುವವನು ಕಲಾವಿದನೊಬ್ಬನೇ ಅಲ್ಲ, ಅವನನ್ನು ಕೇಳದೆ ಹೋಗುವ ನೆರೆಯವರೂ ಕೂಡ.

ಆದ್ದರಿಂದ ಪ್ರತಿ ಕುಟುಂಬವೂ ವರುಷಕ್ಕೊಮ್ಮೆಯಾದರೂ ಊರಿನ ನಾಟಕವನ್ನೋ ಭಜನೆಯನ್ನೋ ಮಕ್ಕಳೊಂದಿಗೆ ಕೂತು ನೋಡಲಿ, ಕೇಳಲಿ. ಧರ್ಮಕೇಂದ್ರದ ಹಬ್ಬದ ಖರ್ಚಿನಲ್ಲಿ ಸ್ಥಳೀಯ ಕಲಾವಿದರಿಗೆ ಮರ್ಯಾದೆಯ ಪಾಲಿರಲಿ. ಮೂಲೆಯಲ್ಲಿ ಧೂಳು ಹಿಡಿದ ಹಾರ್ಮೋನಿಯಂ, ತಬಲಾಗಳ ಮುಂದೆ ಯುವಕ ಯುವತಿಯರು ಕೂರಲಿ. ಅಂಗವಿಕಲ ಮಗುವಿರುವ ಮನೆಯವರು ಅದನ್ನು ಒಳಗೆ ಬಚ್ಚಿಡದೆ ಗಾನವೃಂದಕ್ಕೆ ಕರೆತರಲಿ. ದಾರಿಬದಿಯ ದನಿಗೆ ನಿಂತು ಕಿವಿಗೊಟ್ಟ ಪ್ರಭು ನಮಗೂ ಅಂಥ ಕಿವಿಯನ್ನು ಕರುಣಿಸಲಿ.