ಹೆರಾಲ್ಡ್ ಸ್ಟೀಫನ್ ಬ್ಲ್ಯಾಕ್

ಮನುಷ್ಯನ ಹೃದಯವು ಮಿಡಿದಾಗ ಎದೆಯ ಚರ್ಮದ ಮೇಲೆ ತೋರುವ ವಿದ್ಯುತ್ತು ಸುಮಾರು ಒಂದು ಮಿಲಿವೋಲ್ಟ್. ಅಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು ಮಾತ್ರ. ಬ್ಯಾಟರಿ ದೀಪದ ಒಂದು ಸೆಲ್ಲಿನಲ್ಲಿ ಇದರ ಸಾವಿರದ ಐನೂರು ಪಟ್ಟು ಇರುತ್ತದೆ. ಇಷ್ಟು ಕ್ಷೀಣವಾದ ಸಂಕೇತವನ್ನು ಹಿಗ್ಗಿಸಿ ವೈದ್ಯರ ಮುಂದೆ ರೇಖೆಯಾಗಿ ಬರೆದು ತೋರಿಸಬೇಕು. ಹಿಗ್ಗಿಸುವಾಗ ಅದರ ಆಕಾರ ಕೆಡಲೂ ಕೂಡದು. ಕೆಟ್ಟರೆ ರೋಗಿಯು ಆರೋಗ್ಯವಂತನಂತೆಯೂ ಆರೋಗ್ಯವಂತನು ರೋಗಿಯಂತೆಯೂ ಕಂಡಾರು. ಈ ಸೂಕ್ಷ್ಮವಾದ ಕಾರ್ಯವನ್ನು ಇಂದು ಬೆರಳಿನ ಉಗುರಿನಷ್ಟಿರುವ, ಆಪ್-ಆಂಪ್ ಎಂಬ ಬಿಲ್ಲೆಯೊಂದು ನೆರವೇರಿಸುತ್ತದೆ. ಅದು ನೆಚ್ಚಿಕೊಂಡಿರುವ ತತ್ತ್ವವನ್ನು ಲೋಕಕ್ಕೆ ಕೊಟ್ಟ ಹೆರಾಲ್ಡ್ ಬ್ಲ್ಯಾಕ್ ಮಹಾಶಯರ ಜೀವನವನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ ಪರಿಚಯಿಸಬೇಕೆಂದು ನಾವು ಬಯಸಿದ್ದೇವೆ.

ಬ್ಲ್ಯಾಕ್ ಅವರು 1898ನೆಯ ಇಸವಿ ಏಪ್ರಿಲ್ 14ರಂದು ಅಮೆರಿಕದ ಮೆಸಾಚೂಸೆಟ್ಸ್ ಪ್ರಾಂತದ ಲೆಮಿನ್‌ಸ್ಟರ್ ಎಂಬ ಊರಿನಲ್ಲಿ ಜನಿಸಿದರು. ಅದೇ ಪ್ರಾಂತದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಾಸ ಮಾಡಿ, 1921ರಲ್ಲಿ ಪದವಿಯನ್ನು ಪಡೆದರು. ಬಳಿಕ ನ್ಯೂಯಾರ್ಕಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಆ ಕಂಪನಿಯ ಸಂಶೋಧನ ವಿಭಾಗವೇ 1925ರಲ್ಲಿ ಸುಪ್ರಸಿದ್ಧವಾದ ಬೆಲ್ ಪ್ರಯೋಗಶಾಲೆಯಾಯಿತು.

ಆ ಕಾಲದ ದೊಡ್ಡ ತೊಡಕು ದೂರದ ಟೆಲಿಫೋನಿನದು. ತಂತಿಯ ಮೇಲೆ ಹೋಗುತ್ತ ಹೋಗುತ್ತ ಧ್ವನಿಯು ಸೊರಗುತ್ತದೆ. ಆದುದರಿಂದ ದಾರಿಯಲ್ಲಿ ಅಲ್ಲಲ್ಲಿ ವಾಲ್ವುಗಳುಳ್ಳ ವರ್ಧಕಗಳನ್ನಿಟ್ಟು ಅದಕ್ಕೆ ಮತ್ತೆ ಮತ್ತೆ ಬಲ ತುಂಬುತ್ತಿದ್ದರು. ಆದರೆ ಪ್ರತಿಯೊಂದು ವರ್ಧಕವೂ ಧ್ವನಿಯನ್ನು ಬೆಳೆಸುವಾಗ ಒಂದಿಷ್ಟು ವಿಕಾರಗೊಳಿಸುತ್ತಿತ್ತು. ತರಗತಿಯಲ್ಲಿ ಸಾಲಾಗಿ ಕುಳಿತ ಮಕ್ಕಳು ಒಂದು ಮಾತನ್ನು ಕಿವಿಯಿಂದ ಕಿವಿಗೆ ದಾಟಿಸಿದರೆ ಕೊನೆಯ ಹುಡುಗನಿಗೆ ತಲಪುವ ಹೊತ್ತಿಗೆ ಅದು ಬೇರೆಯೇ ಮಾತಾಗಿರುವುದಲ್ಲವೇ? ಟೆಲಿಫೋನಿನ ಪಾಡೂ ಅದೇ ಆಗಿತ್ತು. ಒಂದೇ ತಂತಿಯಲ್ಲಿ ಹಲವರ ಮಾತುಗಳನ್ನು ಒಟ್ಟಿಗೆ ಕಳುಹಿಸಲು ಹೊರಟರಂತೂ ಒಬ್ಬರ ಮಾತು ಇನ್ನೊಬ್ಬರದರೊಡನೆ ಕಲಸಿಹೋಗುತ್ತಿತ್ತು.

ಇತರರು ವಾಲ್ವನ್ನೇ ನಿರ್ದೋಷವಾಗಿ ಮಾಡಲು ಹೆಣಗುತ್ತಿದ್ದರು. ಬ್ಲ್ಯಾಕ್ ಅವರೂ ಮೊದಲು ಆ ದಾರಿಯನ್ನೇ ಹಿಡಿದಿದ್ದರು. 1923ರಲ್ಲಿ ಸ್ಟೈನ್‌ಮೆಟ್ಸ್ ಎಂಬ ಮಹಾವಿಜ್ಞಾನಿಯ ಉಪನ್ಯಾಸವನ್ನು ಕೇಳಿದ ಬಳಿಕ ಅವರ ಆಲೋಚನೆಯು ಹೊಸ ತಿರುವನ್ನು ಪಡೆಯಿತು. ವರ್ಧಕದಲ್ಲಿ ದೋಷವಿರಲಿ, ಹೊರಬಂದ ಧ್ವನಿಯಿಂದ ಆ ದೋಷವನ್ನು ಬೇರ್ಪಡಿಸಿ ಕಳೆದುಹಾಕಿದರೆ ಸಾಕಲ್ಲವೇ ಎಂದು ಅವರು ಯೋಚಿಸಿದರು. ಅದರಂತೆ ಒಂದು ಯಂತ್ರವನ್ನೂ ರಚಿಸಿದರು. ಅದು ಕೆಲಸ ಮಾಡಿತಾದರೂ ಪದೇ ಪದೇ ಯಾರಾದರೂ ಅದನ್ನು ಸರಿಪಡಿಸುತ್ತಲೇ ಇರಬೇಕಾಗಿತ್ತು. ಹೀಗೆ ಮತ್ತೆ ನಾಲ್ಕು ವರ್ಷಗಳು ಕಳೆದವು.

ನಮ್ಮ ಮುಂಬಯಿಯಲ್ಲಿ ಭಾವುಚಾ ಧಕ್ಕೆಯಿಂದ ಜನರು ಲಾಂಚಿನಲ್ಲಿ ಖಾಡಿಯನ್ನು ದಾಟುವಂತೆ, ಬ್ಲ್ಯಾಕ್ ಅವರು ಹಡ್ಸನ್ ನದಿಯನ್ನು ಫೆರಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದರು. 1927ನೆಯ ಇಸವಿ ಆಗಸ್ಟ್ 2ರ ಬೆಳಿಗ್ಗೆ, ನಡುನೀರಿನಲ್ಲಿ ಅವರಿಗೆ ಉತ್ತರವು ಫಕ್ಕನೆ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಖಾಲಿ ಜಾಗದಲ್ಲಿ ಚಿತ್ರವನ್ನೂ ಸಮೀಕರಣವನ್ನೂ ಬರೆದರು. ಕಚೇರಿಯನ್ನು ತಲಪಿದೊಡನೆ ಸಹೋದ್ಯೋಗಿಯೊಬ್ಬರಿಗೆ ವಿವರಿಸಿ ಅದಕ್ಕೆ ಸಾಕ್ಷಿಯ ಸಹಿಯನ್ನು ಹಾಕಿಸಿದರು. ಆಗ ಅವರ ವಯಸ್ಸು 29.

ಆ ಉಪಾಯ ಇಷ್ಟೇ: ವರ್ಧಕದಿಂದ ಹೊರಬಂದುದರ ಸಣ್ಣದೊಂದು ಪಾಲನ್ನು ಮರಳಿ ಒಳಬಾಗಿಲಿಗೆ ತಂದು, ಒಳಬರುವ ಸಂಕೇತದಿಂದ ಕಳೆಯಬೇಕು. ಆಗ ವರ್ಧಕವು ಮಾಡಿದ ತಪ್ಪೂ ಹಿಂದಿರುಗಿ ಬಂದು, ವಿರುದ್ಧವಾಗಿ ನಿಂತು, ಬಹುಮಟ್ಟಿಗೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು.

ಲೆಕ್ಕ ಹಾಕಿ ನೋಡೋಣ. ವರ್ಧಕವೊಂದು ತಾನಾಗಿ 1,00,000 ಪಟ್ಟು ಹಿಗ್ಗಿಸಬಲ್ಲುದೆಂದು ಇಟ್ಟುಕೊಳ್ಳಿರಿ. ಹೊರಬಂದುದರ ನೂರರಲ್ಲೊಂದು ಪಾಲನ್ನು ಮರಳಿಸಿದರೆ, 1,00,000ವನ್ನು 1001ರಿಂದ ಭಾಗಿಸಬೇಕು, ಹಿಗ್ಗುವಿಕೆ 99.9 ಪಟ್ಟಿಗೆ ಇಳಿಯುತ್ತದೆ. ವರ್ಧಕವು ಹಳತಾಗಿ ಅದರ ಶಕ್ತಿ 50,000ಕ್ಕೆ ಕುಸಿಯಿತೆನ್ನಿ. ಆಗ 50,000ವನ್ನು 501ರಿಂದ ಭಾಗಿಸಿದರೆ 99.8! ಒಳಗಿನ ಶಕ್ತಿಯು ಅರ್ಧವಾದರೂ ಹೊರಗೆ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ವ್ಯತ್ಯಾಸ. ಶಕ್ತಿಯ ಬಹುಭಾಗವನ್ನು ತ್ಯಾಗ ಮಾಡಿ ಬ್ಲ್ಯಾಕ್ ಅವರು ಸ್ಥಿರತೆಯನ್ನು ಕೊಂಡುಕೊಂಡರು.

ಅದೇ ವರ್ಷದ ಡಿಸೆಂಬರ್ 29ರ ಪ್ರಯೋಗದಲ್ಲಿ ವಿಕಾರವು ಲಕ್ಷದಲ್ಲೊಂದು ಪಾಲಿಗೆ ಇಳಿಯಿತು. ಆದರೂ ಲೋಕವು ಅವರನ್ನು ಒಡನೆಯೇ ನಂಬಲಿಲ್ಲ. ಕಷ್ಟಪಟ್ಟು ಗಳಿಸಿದ ಶಕ್ತಿಯನ್ನು ಕೈಯಾರೆ ಕಳೆದುಕೊಳ್ಳುವುದು ಹಲವರಿಗೆ ಅವಿವೇಕವಾಗಿ ಕಂಡಿತು. ಹೊರಗಿನದನ್ನು ಒಳಕ್ಕೆ ತಂದರೆ ಯಂತ್ರವು ಕಿರುಚತೊಡಗುವುದೆಂಬ ಭಯವೂ ಇತ್ತು. ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದಾಗ ಏಳುವ ಕೂಗನ್ನು ಕೇಳಿದವರು ಈ ಭಯವನ್ನು ಬಲ್ಲರು. ಇಂಗ್ಲೆಂಡಿನ ಪೇಟೆಂಟ್ ಕಚೇರಿಯಂತೂ ಇದನ್ನು ತಾನೇ ತಾನಾಗಿ ಎಂದೆಂದೂ ಓಡುವ ಯಂತ್ರದ ಹುಸಿ ಬಯಕೆಯ ಸಾಲಿಗೆ ಸೇರಿಸಿತು. 1928ರಲ್ಲಿ ಅಮೆರಿಕದಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತುದು 1937ರ ಡಿಸೆಂಬರಿನಲ್ಲಿ. ಈ ನಡುವೆ 1932ರಲ್ಲಿ ಅದೇ ಪ್ರಯೋಗಶಾಲೆಯ ನೈಕ್ವಿಸ್ಟ್ ಅವರು, ಯಂತ್ರವು ಯಾವಾಗ ಕಿರುಚುವುದು, ಯಾವಾಗ ಕಿರುಚದು ಎಂಬುದನ್ನು ಗಣಿತದಿಂದ ತೋರಿಸಿಕೊಟ್ಟರು. ಬ್ಲ್ಯಾಕ್ ಅವರು ವಾದಕ್ಕೆ ಇಳಿದು ಬೇಸತ್ತು ಕೈಬಿಡಲಿಲ್ಲ. ಪ್ರಯೋಗದ ಮೇಲೆ ಪ್ರಯೋಗವನ್ನು ನಡೆಸಿ, 1934ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು.

ಮುಂದೆ ಇದೇ ತತ್ತ್ವವನ್ನು ನೆಚ್ಚಿಕೊಂಡು, ಕೂಡುವುದು ಕಳೆಯುವುದು ಮೊದಲಾದ ಗಣಿತಕ್ರಿಯೆಗಳನ್ನು ಮಾಡುವ ವರ್ಧಕಗಳು ಹುಟ್ಟಿದವು. 1947ರಲ್ಲಿ ಅವಕ್ಕೆ ಆಪರೇಷನಲ್ ಆಂಪ್ಲಿಫಯರ್ ಎಂಬ ಹೆಸರು ಅಚ್ಚಿನಲ್ಲಿ ಬಂತು. ಆಪ್-ಆಂಪ್ ಎಂಬುದು ಅದರ ಹ್ರಸ್ವರೂಪ. 1968ರಲ್ಲಿ ಬಂದ 741 ಎಂಬ ಬಿಲ್ಲೆಯು ಕಾಲೇಜು ಪ್ರಯೋಗಶಾಲೆಗಳಲ್ಲಿ ಮನೆಮಾತಾಯಿತು. ಅದಕ್ಕೆ 1 ಕಿಲೋಓಮಿನ ಮತ್ತು 99 ಕಿಲೋಓಮಿನ ಎರಡು ರೋಧಕಗಳನ್ನು ತಕ್ಕಂತೆ ಜೋಡಿಸಿದರೆ, ಉಷ್ಣತೆಯನ್ನೋ ಬೆಳಕನ್ನೋ ಅಳೆಯುವ ಸಾಧನದ ಕ್ಷೀಣ ಸಂಕೇತವು ನೂರು ಪಟ್ಟು ಹಿಗ್ಗುತ್ತದೆ. ಎಷ್ಟು ಪಟ್ಟೆಂಬುದನ್ನು ನಿರ್ಣಯಿಸುವುದು ಬಿಲ್ಲೆಯ ಅಪಾರ ಶಕ್ತಿಯಲ್ಲ, ಆ ಎರಡು ರೋಧಕಗಳ ಪ್ರಮಾಣ.

ಬ್ಲ್ಯಾಕ್ ಮಹಾಶಯರು 1983ರ ಡಿಸೆಂಬರ್ 11ರಂದು, 85ನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ಜೀವನವನ್ನು ಓದಿದಾಗ ನಮಗೆ ನಮ್ಮ ತರಗತಿಯ ನೆನಪಾಗುತ್ತದೆ. ತಿದ್ದಿದ ಉತ್ತರಪತ್ರಿಕೆಯನ್ನು ಮರಳಿ ಕೊಟ್ಟಾಗ ಕೆಂಪು ಮಸಿಯನ್ನು ಕಂಡು ಅದನ್ನು ಚೀಲದ ತಳಕ್ಕೆ ತುರುಕುವ ವಿದ್ಯಾರ್ಥಿಗಳುಂಟು. ಬುದ್ಧಿಶಕ್ತಿಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಆದರೂ ಮರಳಿ ಬಂದ ತಪ್ಪನ್ನು ಒಳಕ್ಕೆ ಬಿಟ್ಟುಕೊಳ್ಳದುದರಿಂದ ಅದೇ ತಪ್ಪು ಮುಂದಿನ ಪರೀಕ್ಷೆಯಲ್ಲಿಯೂ ಕಾಣಿಸುತ್ತದೆ. ಶಿಕ್ಷಕರಾದ ನಾವೂ ಈ ದೋಷಕ್ಕೆ ಹೊರತಲ್ಲ. ಈ ವರ್ಷ ಉತ್ತರಪತ್ರಿಕೆಯು ಕೈಗೆ ಬಂದಾಗ ಅಂಕಗಳನ್ನು ನೋಡುವ ಮೊದಲು ಕೆಂಪು ಗುರುತುಗಳನ್ನು ಒಮ್ಮೆ ಓದಿರೆಂದು ವಿದ್ಯಾರ್ಥಿಮಿತ್ರರಲ್ಲಿ ನಮ್ಮ ವಿನಂತಿ.