ಮಗನ ಮುಖ, ತಂದೆಯ ಕೈ

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿಯನ್ನು ಅರಿಯದ ಕ್ರೈಸ್ತ ಕುಟುಂಬವಿಲ್ಲ. ಆ ಸಾಮತಿಯನ್ನು ಮೊದಲು ಬಾಳಿ, ಅನಂತರ ಬಣ್ಣದಲ್ಲಿ ಮೂಡಿಸಿದವನು ಡಚ್ ಕಲಾವಿದ ರೆಂಬ್ರಾಂಟ್.

1606ರಲ್ಲಿ ಲೈಡನ್ ನಗರದ ಗಿರಣಿಯವನೊಬ್ಬನ ಮಗನಾಗಿ ಆತ ಜನಿಸಿದ. ಆಮ್‌ಸ್ಟರ್‌ಡ್ಯಾಮ್ ಅವನಿಗೆ ಹಣವನ್ನೂ ಕೀರ್ತಿಯನ್ನೂ ಕೊಟ್ಟಿತು. 1634ರಲ್ಲಿ ಸಾಸ್ಕಿಯಾಳನ್ನು ವರಿಸಿದ. ಆ ದಿನಗಳ ಚಿತ್ರವೊಂದರಲ್ಲಿ, ಪಾನಗೃಹದಲ್ಲಿ ಬಟ್ಟಲೆತ್ತಿ ನಗುವ ದುಂದುಗಾರ ಮಗನಿಗೆ ತನ್ನ ಮುಖವನ್ನೇ ಕೊಟ್ಟ. ಅದು ಭವಿಷ್ಯವಾಣಿಯೇ ಆಯಿತು. 1639ರಲ್ಲಿ ಸಾಲದ ಹೊರೆ ಹೊತ್ತು ಭವ್ಯವಾದ ಮನೆ ಕೊಂಡ. ಕಲಾವಸ್ತುಗಳ ಸಂಗ್ರಹಕ್ಕೆ ಹಣ ಸುರಿದ. ಮೂರು ಮಕ್ಕಳು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು. 1641ರಲ್ಲಿ ಹುಟ್ಟಿದ ಟೈಟಸ್ ಉಳಿದ. ಮರುವರ್ಷ ಸಾಸ್ಕಿಯಾ ಕಣ್ಮುಚ್ಚಿದಳು. ಆ ಮಗುವನ್ನು ನೋಡಿಕೊಂಡ ಗೀರ್ಟ್ಯೆ ಎಂಬಾಕೆ, ಕಲಾವಿದ ಮದುವೆಯ ಮಾತಿಗೆ ತಪ್ಪಿದನೆಂದು ದೂರಿತ್ತಳು. 1650ರಲ್ಲಿ ಆಕೆಯನ್ನು ಸುಧಾರಣಾಗೃಹದಲ್ಲಿ ಬಂಧಿಸಿಡುವುದರಲ್ಲಿ ಅವನ ಕೈವಾಡವೂ ಇತ್ತು. ಅವನ ಪ್ರತಿಭೆಯನ್ನು ಕೊಂಡಾಡುವಾಗ ಈ ಪಾಪವನ್ನು ನಾವು ಮರೆಮಾಚಬಾರದು.

1656ರಲ್ಲಿ ಆತ ದಿವಾಳಿಯಾದ. ಮನೆ, ಸಂಗ್ರಹ ಎಲ್ಲವೂ ಹರಾಜಾದವು. 1663ರಲ್ಲಿ ಬಾಳಸಂಗಾತಿ ಹೆಂಡ್ರಿಕೆ, 1668ರಲ್ಲಿ 26ರ ಹರೆಯದ ಟೈಟಸ್ ಮಣ್ಣು ಸೇರಿದರು.

ಈ ಕೊನೆಯ ವರ್ಷಗಳಲ್ಲಿ ಮೂಡಿದ್ದೇ 'ದುಂದುಗಾರ ಮಗನ ಮರಳುವಿಕೆ' ಎಂಬ, ಎರಡೂವರೆ ಮೀಟರಿಗೂ ಎತ್ತರವಾದ ತೈಲಚಿತ್ರ. ಬೋಳು ತಲೆ, ಚಿಂದಿ ಬಟ್ಟೆ, ಸವೆದ ಪಾದರಕ್ಷೆಯ ಮಗ ಮೊಣಕಾಲೂರಿದ್ದಾನೆ. ಅವನ ಮುಖ ತಂದೆಯ ಎದೆಯಲ್ಲಿ ಹುದುಗಿದೆ. ಬೆಳಕೆಲ್ಲ ಮುದಿ ತಂದೆಯ ಮುಖದ ಮೇಲೆ, ಮಗನ ಬೆನ್ನಿನ ಮೇಲಿಟ್ಟ ಎರಡು ಕೈಗಳ ಮೇಲೆ. ಯೌವನದಲ್ಲಿ ಮಗನ ನಗುವನ್ನು ಬರೆದವನು ಮುಪ್ಪಿನಲ್ಲಿ ತಂದೆಯ ಕ್ಷಮೆಯನ್ನು ಬರೆದ. ಎಲ್ಲವನ್ನೂ ಕಳೆದುಕೊಂಡವನಿಗೆ ಕಂಡದ್ದು ಲೆಕ್ಕ ಕೇಳದ ಆ ಕೈಗಳು.

1669ರ ಅಕ್ಟೋಬರ್ 4ರಂದು ಆತ ನಿಧನನಾದ. ಹೆಸರಿಲ್ಲದ ಸಮಾಧಿಯಲ್ಲಿ ಅವನನ್ನು ಹೂಳಲಾಯಿತು. 1766ರಲ್ಲಿ ರಷ್ಯದ ರಾಣಿ ಕ್ಯಾಥರೀನಳ ಪಾಲಾದ ಚಿತ್ರ ಇಂದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ.

ಪ್ರಿಯ ಓದುಗರೇ, ಚಿತ್ರದ ಬಲಬದಿಯಲ್ಲಿ ಇನ್ನೊಬ್ಬನು ಕೈ ಜೋಡಿಸಿ ನೆಟ್ಟಗೆ ನಿಂತಿದ್ದಾನೆ. ಅವನನ್ನು ಹಿರಿಯ ಮಗನೆಂದು ಗುರುತಿಸುವುದುಂಟು. ಸಾಮತಿಯಲ್ಲಿ ಅವನು ಕೊನೆಗೆ ಮನೆಯೊಳಗೆ ಕಾಲಿಟ್ಟನೇ ಎಂಬುದನ್ನು ಪ್ರಭು ಹೇಳಲಿಲ್ಲ. ತಪ್ಪಿ ನಡೆದ ತಮ್ಮನೊಡನೆ, ತಂಗಿಯೊಡನೆ ಮಾತು ಬಿಟ್ಟಿರುವ ನಮ್ಮ ಮನೆಗಳಲ್ಲಿ ಆ ಹೊಸ್ತಿಲು ಇಂದಿಗೂ ಕಾದಿದೆ. ಅದನ್ನು ದಾಟಬೇಕಾದವರು ನಾವೇ.